ವೈನಿಯ ಕೊಡೆ ಮತ್ತು ಗೇಟಿನ ನಾಯಿಗಳು

ಡಾಕ್ಟರು ದಿನಾ ನಡೆಯಬೇಕೆಂದು ಹೇಳಿದ ಮೇಲೆ ನಮ್ಮ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಬೆಳಿಗ್ಗೆ ಅಕ್ಕಲಕೋಟ ರಸ್ತೆಯಲ್ಲಿ ವಾಕಿಂಗ್ ಶುರು ಮಾಡಿದರು. ಜೊತೆಗೆ ನಾನು. ಒಂದು ದಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಹತ್ತಿರ ಕಾರ್ಖಾನೆಯೊಂದರ ಗೇಟಿನಿಂದ ಮೂರು ನಾಯಿಗಳು ಬೊಗಳುತ್ತಾ ನಮ್ಮ ಮೇಲೆಯೇ ನುಗ್ಗಿ ಬಂದವು. ನಾನು ತಿರುಗಿ ಓಡಲು ಹೊರಟೆ. ವೈನಿ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

"ಓಡಬ್ಯಾಡ! ಓಡಿದ್ರ ಬೆನ್ನ ಹತ್ತತಾವ. ನನ್ನ ಹಿಂದ ನಿಂದ್ರು."

ಬಿಸಿಲಿಗೆಂದು ತಂದಿದ್ದ ಕೊಡೆಯನ್ನು ನಾಯಿಗಳತ್ತ ಚಾಚಿ ಗುಂಡಿ ಒತ್ತಿದರು. ಅದು ಫಟ್ಟನೆ ಬಿಚ್ಚಿಕೊಂಡ ಕೂಡಲೇ ಮುಂದಿದ್ದ ನಾಯಿ ಗಕ್ಕನೆ ನಿಂತಿತು. ಹಿಂದಿನವೆರಡು ಹೋಗಿ ಅದಕ್ಕೇ ಡಿಕ್ಕಿ ಹೊಡೆದವು. ಕೊಡೆಯನ್ನು ಅಡ್ಡ ಹಿಡಿದುಕೊಂಡೇ ನಾವಿಬ್ಬರೂ ಮೆಲ್ಲಗೆ ಹಿಂದೆ ಸರಿದೆವು. ನಾಯಿಗಳು ಅಲ್ಲೇ ಬೊಗಳಿ ಬೊಗಳಿ ಬೇಸತ್ತು ಗೇಟಿನೊಳಗೆ ಹೋದವು.

ರಸ್ತೆ ಬದಿಯ ಚಹಾದಂಗಡಿ ತಲುಪಿದ ಕೂಡಲೇ ವೈನಿ ಬೆಂಚಿನ ಮೇಲೆ ದೊಪ್ಪನೆ ಕೂತು, ಒಂದು ಲೋಟ ನೀರನ್ನು ಒಂದೇ ಗುಟುಕಿಗೆ ಕುಡಿದರು.

"ನಿಮಗೂ ಅಂಜಿಕಿ ಬಂದಿತ್ತೇನ್ರಿ ವೈನಿ?" ಎಂದೆ.

"ಬರಲಾರದ ಏನು? ಖರೆ ನಾನೂ ಓಡಿದ್ರ ಇಬ್ರೂ ಈಗ ದವಾಖಾನ್ಯಾಗ ಇರ್ತಿದ್ವಿ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮರುದಿನ ಮಾತ್ರ ಇಬ್ಬರೂ ಅಕ್ಕಲಕೋಟ ರಸ್ತೆ ಬಿಟ್ಟು ಹೋಟಗಿಯ ರಸ್ತೆಯ ಕಡೆ ತಿರುಗಿದೆವು.