ಶೋಭಕ್ಕ ಹೇಳಿದ ಸಿನಿಮಾ

ಕಳೆದ ಭಾನುವಾರ ಮಧ್ಯಾಹ್ನ ಮಗಳು ಟಿವಿಯಲ್ಲಿ ಹಳೆಯದೊಂದು ಸಿನಿಮಾ ಹಚ್ಚಿದ್ದಳು. ರಾಜಕುಮಾರಿಯ ನೆರಳನ್ನು ಮಾಂತ್ರಿಕ ಕದ್ದೊಯ್ದಿದ್ದಾನೆ; ಅದನ್ನು ಮರಳಿ ತರಲು ಅವಳ ಪ್ರೇಮಿ, ಒಬ್ಬ ಅಂಬಿಗ, ರೆಕ್ಕೆಯ ಕುದುರೆ ಏರಿ ಹೊರಡುತ್ತಾನೆ. ನಾನು ಸೊಪ್ಪು ಸೋಸುವುದನ್ನು ಬಿಟ್ಟು, "ಈಗ ನೋಡು, ಹೊಳಿ ದಂಡಿ ಮ್ಯಾಲೆ ಅವನ ಅವ್ವ ನಿಂತಿರ್ತಾಳ" ಎಂದೆ. ದಂಡೆ ಖಾಲಿಯಿತ್ತು. ಮಗಳು ನನ್ನನ್ನು ಕನಿಕರದಿಂದ ನೋಡಿದಳು. ನಿಮಗೆ ನಗು ಬರಬಹುದು, ಈ ಸಿನಿಮಾವನ್ನು ನಾನೂ ಥಿಯೇಟರಿನಲ್ಲಿ ನೋಡಿದವಳೇ. ಆದರೂ ಮೂವತ್ತು ವರ್ಷವಾದ ಮೇಲೆ ನನ್ನ ತಲೆಯಲ್ಲಿ ಉಳಿದಿರುವುದು ಶೋಭಕ್ಕ ಹೇಳಿದ ಸಿನಿಮಾ.

ಶೋಭಕ್ಕ ನನ್ನ ದೊಡ್ಡಪ್ಪನ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ಗೋಪನಕೊಪ್ಪದ ಒಂದೇ ಮನೆಯಲ್ಲಿ ಬೆಳೆದೆವು. ಅವಳ ಸೋದರಮಾವ ಅವಳನ್ನು ಆ ಸಿನಿಮಾಕ್ಕೆ ಕರೆದುಕೊಂಡು ಹೋದಾಗ ನಾನು ಮಂಗನಬಾವು ಬಂದು, ಕುಂಬಳಕಾಯಿಯಂಥ ಮುಖ ಮಾಡಿಕೊಂಡು ಮಲಗಿದ್ದೆ.

ಬೇಸಿಗೆ ಎಂದರೆ ಶಾವಿಗೆಯ ಕಾಲ. ನಮ್ಮ ಓಣಿಯಲ್ಲಿ ಆ ಕೆಲಸ ಮುಯ್ಯಿಯ ಮೇಲೆ ನಡೆಯುತ್ತಿತ್ತು. ಇವತ್ತು ಎಲ್ಲರೂ ಕೂಡಿ ನಮ್ಮ ಮನೆಯ ಶಾವಿಗೆ ಮಾಡಿದರೆ ನಾಳೆ ಪಕ್ಕದ ಮನೆಯದು. ಅದುವರೆಗೆ ಹೆಂಗಸರಿಗೆ ವಾರಪತ್ರಿಕೆಯ ಧಾರಾವಾಹಿ ಓದಿ ಹೇಳುವವಳು ನಾನು, ಆ ಗತ್ತೂ ನನಗಿತ್ತು. ಆ ವರ್ಷ ಪತ್ರಿಕೆ ಮೂಲೆ ಸೇರಿತು. ಶೋಭಕ್ಕ ಶಾವಿಗೆ ಮಶೀನಿನ ಹಿಡಿ ತಿರುಗಿಸುತ್ತ ಸಿನಿಮಾ ಹೇಳತೊಡಗಿದಳು. ದಿನಕ್ಕಿಷ್ಟು, ಮನೆಗಿಷ್ಟು. ತಮ್ಮ ಮನೆಯ ಪಾಳಿ ಬರುವ ಮೊದಲೇ ಕಥೆ ಮುಗಿದೀತೆಂದು ಒಬ್ಬೊಬ್ಬರೂ ಅವಳಿಗೆ ಹೆಚ್ಚಿಗೆ ಚಹಾ ಕೊಟ್ಟು, ನಿಧಾನವಾಗಿ ಹೇಳೆಂದು ಬೇಡಿಕೊಳ್ಳುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಕಿವಿಗೊಟ್ಟವಳು ನೀಲವ್ವ ಆಯಿ. ನಮ್ಮ ಓಣಿಯ ಮುದುಕಿ, ಮಕ್ಕಳಿಲ್ಲದ ಒಂಟಿ ಜೀವ, ಥಿಯೇಟರಿನ ಮೆಟ್ಟಿಲು ಹತ್ತಿದವಳಲ್ಲ. ಶೋಭಕ್ಕನ ಕಥೆಯಲ್ಲಿ ಅಂಬಿಗನಿಗೊಬ್ಬ ತಾಯಿಯಿದ್ದಳು, ದಂಡೆಯ ಮೇಲೆ ಬುತ್ತಿ ಹಿಡಿದು ಮಗನ ದಾರಿ ಕಾಯುವವಳು. ರಾಜಕುಮಾರಿಯ ಗೊಡವೆ ನೀಲವ್ವನಿಗಿರಲಿಲ್ಲ. ದಿನಾ ಬಂದು ಕೂತೊಡನೆ, ಆ ತಾಯಿ ಉಂಡಳೋ ಇಲ್ಲವೋ ಎಂದೇ ಕೇಳುತ್ತಿದ್ದಳು. ಅವಳ ಮನೆಯ ಪಾಳಿ ಎಲ್ಲರಿಗಿಂತ ಕೊನೆಗೆ. ಅಂದರೆ ಕಥೆ ಮುಗಿಯುವುದೂ ಅಲ್ಲೇ.

ನಾನು ಅಪ್ಪನಿಗೆ ಗಂಟುಬಿದ್ದು ಸಿನಿಮಾ ನೋಡಿ ಬಂದೆ. ಅದರಲ್ಲಿ ತಾಯಿಯೇ ಇರಲಿಲ್ಲ. ನನಗಾದ ಸಂತೋಷ ಹೇಳತೀರದು. ಮರುದಿನ, ನೀಲವ್ವನದೊಂದೇ ಮನೆ ಬಾಕಿ ಇರುವಾಗ, ಎಲ್ಲರ ಮುಂದೆ ಹೇಳಿಬಿಟ್ಟೆ: "ಅಕ್ಕ ಹೇಳೂದೆಲ್ಲಾ ಸುಳ್ಳೈತಿ. ಪಿಚ್ಚರದಾಗ ಅವ್ವ ಅನ್ನಾಕೀನ ಇಲ್ಲ. ಅವ ನೆರಳು ತರ್ತಾನ, ಮದಿವಿ ಆಕ್ಕಾರ, ಮುಗೀತು."

ಶೋಭಕ್ಕ ತಲೆ ಎತ್ತದೆ ಹಿಡಿ ತಿರುಗಿಸುತ್ತಲೇ ಇದ್ದಳು. ಮರುದಿನ ನೀಲವ್ವನ ಮನೆಯಲ್ಲಿ ಕಥೆಯಿಲ್ಲದೆ ಶಾವಿಗೆ ಮಾಡಿದೆವು. ಧಾರಾವಾಹಿ ಓದಲೇ ಎಂದು ಕೇಳಿದೆ, ಯಾರೂ ಹೂಂ ಅನ್ನಲಿಲ್ಲ. ಹೊರಡುವಾಗ ನೀಲವ್ವ ನನ್ನ ಕೈಗೆ ಬೆಲ್ಲದ ತುಂಡಿಟ್ಟು, "ನಮ್ಮ ಮನಿ ಪಾಳಿ ಒಂದ ಉಳಿದಿತ್ತಲ್ಲವಾ. ಒಂದ ದಿನ ತಡೀಲಿಲ್ಲ ನೀ" ಎಂದಳು. ಆ ಬೆಲ್ಲ ನನಗೆ ತಿನ್ನಲಾಗಲಿಲ್ಲ.

ಆ ಭಾನುವಾರ ಸಿನಿಮಾ ಮುಗಿದ ಮೇಲೆ ಶೋಭಕ್ಕನಿಗೆ ಫೋನ್ ಮಾಡಿದೆ. ಅವಳೀಗ ಹೆಬ್ಬಳ್ಳಿಯಲ್ಲಿದ್ದಾಳೆ. ತಪ್ಪಾಯಿತು ಎಂದು ಮೂವತ್ತು ವರ್ಷ ತಡವಾಗಿ ಹೇಳಿ, ಆ ತಾಯಿಗೆ ಕೊನೆಗೆ ಏನಾಯಿತು ಎಂದು ಕೇಳಿದೆ. ನಕ್ಕಳು.

"ಶಾವಿಗಿ ಮುಗಿದ ದಿನ ಸಂಜಿಮುಂದ ಹೋಗಿ ನೀಲವ್ವ ಆಯಿಗೆ ಹೇಳಿ ಬಂದೆ. ಆಕಿಗೊಬ್ಬಾಕಿಗೆ."

ಆಯಿ ತೀರಿಕೊಂಡು ಎಷ್ಟೋ ವರ್ಷವಾಯಿತು, ಈಗಲಾದರೂ ನನಗೆ ಹೇಳು ಎಂದೆ.

"ನಿನಗ ಖರೇದು ಗೊತ್ತೈತಲ್ಲವಾ" ಎಂದಳು. ಸಿಟ್ಟಿಲ್ಲದೆಯೇ ಅಂದಳು, ಅದೇ ಕಷ್ಟ.

ಫೋನಿಟ್ಟು ಕೂತೆ. ಯಾಕೆ ಸಪ್ಪಗಾದೆ ಎಂದು ಮಗಳು ಕೇಳಿದಳು. ಸತ್ತುಹೋದ ನೀಲವ್ವನ ಮೇಲೆ ಹೊಟ್ಟೆಕಿಚ್ಚು ಎಂದು ಅವಳಿಗೆ ಹೇಗೆ ಹೇಳಲಿ?