ಟೀಚರ್ ಮನೆಗೆ ದಿನವೂ ಬರುತ್ತಿದ್ದ ಡಯಟ್ ಮೇಡಂ

2022ರಲ್ಲಿ ನಾನು ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಡಯಟೀಷಿಯನ್ ಆಗಿದ್ದೆ. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳುವುದು, ಹೇಳಿದ್ದನ್ನು ಮಾಡುತ್ತಿದ್ದಾರೋ ಇಲ್ಲವೋ ನೋಡುವುದು ನನ್ನ ಕೆಲಸ. ಪ್ರತಿ ಗುರುವಾರ ಆಸ್ಪತ್ರೆಯ ಗಾಡಿಯಲ್ಲಿ ತಾಲ್ಲೂಕುಗಳಿಗೆ ಕ್ಯಾಂಪ್ ಹೋಗುತ್ತಿದ್ದೆ. ತಿಂಗಳ ಮೊದಲ ವಾರ ಇಂಡಿ, ಎರಡನೆಯದು ಸಿಂದಗಿ, ಮೂರನೆಯದು ಮುದ್ದೇಬಿಹಾಳ, ನಾಲ್ಕನೆಯದು ಬಸವನ ಬಾಗೇವಾಡಿ. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ನಾಲ್ಕೂ ಊರಲ್ಲಿ ನಾನು ‘ಡಯಟ್ ಮೇಡಂ’.

ಸ್ಲೀವ್ ಎಂಬ ಈ ಆಪರೇಷನ್ನಿನಲ್ಲಿ ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿ ಗಾತ್ರದ ಒಂದು ಕೊಳವೆ. ಸರ್ಜನ್ನರ ಕೆಲಸ ಎರಡು ತಾಸಿನಲ್ಲಿ ಮುಗಿಯುತ್ತದೆ, ನನ್ನದು ಅಲ್ಲಿಂದ ಶುರು. ಮೊದಲ ಎರಡು ವಾರ ಬರೀ ತೆಳು ದ್ರವ, ಅದೂ ಗುಟುಕು ಗುಟುಕಾಗಿ, ಅರ್ಧ ಗಂಟೆಗೆ ಅರವತ್ತು ಎಂಎಲ್. ಆಮೇಲೆ ಎರಡು ವಾರ ಗಟ್ಟಿ ದ್ರವ, ನಂತರ ನುಣ್ಣಗೆ ಹಿಸುಕಿದ ಊಟ, ಆರು ವಾರ ದಾಟಿದ ಮೇಲೆ ಮೆತ್ತಗಿನ ಅನ್ನ. ಇಷ್ಟು ಸಣ್ಣ ಹೊಟ್ಟೆಗೆ ಊಟದಿಂದಲೇ ಎಲ್ಲ ಸಿಗುವುದಿಲ್ಲ, ಆದ್ದರಿಂದ ವಿಟಮಿನ್ ಜೀವನಪೂರ್ತಿ. ದಿನವೂ ತುಂಬಲು ನಾನೊಂದು ಹಾಳೆ ಅಚ್ಚು ಹಾಕಿಸಿದ್ದೆ. ಹೊತ್ತು, ಪದಾರ್ಥ, ಎಂಎಲ್, ಪ್ರೋಟೀನ್ ಗ್ರಾಂ ಎಂದು ನಾಲ್ಕು ಕಾಲಂ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುವುದು ನನ್ನ ವೃತ್ತಿಗೆಂದೇ ಹುಟ್ಟಿದ ಗಾದೆ. ಸಿಂದಗಿಯ ಒಬ್ಬ ಯಜಮಾನರು ಹತ್ತನೇ ದಿನಕ್ಕೆ ರೊಟ್ಟಿ, ಬದನೆಕಾಯಿ ಪಲ್ಲೆ ಎರಡನ್ನೂ ಮಿಕ್ಸರಿಗೆ ಹಾಕಿ ಕುಡಿದು, “ದ್ರವ ಐತೆಲ್ರಿ ಮೇಡಂ” ಎಂದಿದ್ದರು. ಮುದ್ದೇಬಿಹಾಳದ ಒಬ್ಬಾಕೆ ನಾಲಗೆಯ ಮೇಲೆ ಕರಗುತ್ತದೆಂದು ಪೇಢೆಯನ್ನು ದ್ರವದ ಕಾಲಂನಲ್ಲಿ ಬರೆದಿದ್ದಳು. ಇಬ್ಬರಿಗೂ ಬೈದೆ. ನನ್ನ ಬಾಯಿ ದೊಡ್ಡದು, ಅದು ನಾಲ್ಕೂ ತಾಲ್ಲೂಕಿಗೆ ಗೊತ್ತು. ಇಪ್ಪತ್ತೇಳು ವರ್ಷದಲ್ಲಿ ಯಾರ ಹಾಳೆಯನ್ನೂ ಪೂರ್ತಿ ನಂಬಬಾರದೆಂದು ಕಲಿತಿದ್ದೆ. ಒಬ್ಬರ ಹಾಳೆಯನ್ನು ಮಾತ್ರ ನಂಬಿದೆ.

ಅವರು ವೈಜಯಂತಿ ಕುಲಕರ್ಣಿ, ಇಂಡಿ ಪಟ್ಟಣದ ಹೈಸ್ಕೂಲಿನಲ್ಲಿ ಗಣಿತ ಟೀಚರ್. ವಯಸ್ಸು ನಲವತ್ತಮೂರು, ತೂಕ 121 ಕಿಲೋ. ಮೊಣಕಾಲು ಸೋತು, ಕುರ್ಚಿಯ ಮೇಲೆ ಕುಳಿತು ಪಾಠ ಮಾಡುವ ಸ್ಥಿತಿಗೆ ಬಂದಿದ್ದರು. “ಒಂದು ಪೀರಿಯಡ್ ಪೂರ್ತಿ ಬೋರ್ಡಿನ ಮುಂದ ನಿಲ್ಲಬೇಕ್ರಿ, ಮತ್ತೇನೂ ಬ್ಯಾಡ” ಎಂದಿದ್ದರು. ಆಪರೇಷನ್ ಆದದ್ದು ಆಷಾಢದಲ್ಲಿ. ಅವರದು ಚಾತುರ್ಮಾಸ್ಯ ವ್ರತ ಬಿಡದ ವೈಷ್ಣವ ಮನೆತನ. ನಾಲ್ಕು ತಿಂಗಳಲ್ಲಿ ಒಂದೊಂದು ತಿಂಗಳು ಒಂದೊಂದನ್ನು ಬಿಡಬೇಕು: ಮೊದಲು ಕಾಯಿಪಲ್ಲೆ, ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು. “ವ್ರತಾನೂ ಮುರೀಬಾರದು, ನಿಮ್ಮ ನಿಯಮಾನೂ ಮುರೀಬಾರದು” ಎಂದು ಪಟ್ಟು ಹಿಡಿದರು. ನಾನು ಕುಳಿತು ನಾಲ್ಕು ತಿಂಗಳಿಗೆ ನಾಲ್ಕು ಬೇರೆ ಬೇರೆ ಪಟ್ಟಿ ಮಾಡಿದೆ. ಹಾಲಿಲ್ಲದ ತಿಂಗಳಿಗೆ ಹಾಲಿನ ಪ್ರೋಟೀನ್ ಪುಡಿ ಬದಲಿಸಿ ಸೋಯಾ ಪುಡಿ ಹಾಕಿದೆ. ಸರ್ಜನ್ನರು ಭೇಷ್ ಎಂದರು. ನನಗೆ ಕೋಡು ಮೂಡಿತು.

ಟೀಚರ್ ದಿನವೂ ರಾತ್ರಿ ಎಂಟಕ್ಕೆ ಹಾಳೆಯ ಫೋಟೊ ಕಳಿಸುತ್ತಿದ್ದರು. ಮುತ್ತಿನಂಥ ಅಕ್ಷರ, ಒಂದು ಗುಟುಕೂ ಹೆಚ್ಚುಕಡಿಮೆ ಇಲ್ಲ. ಆ ಹಾಳೆಗಳನ್ನು ಉಳಿದವರಿಗೆ ತೋರಿಸಿ, “ಇದಕ್ಕಂತಾರ ಶಿಸ್ತು” ಎಂದು ಚುಚ್ಚುತ್ತಿದ್ದೆ. “ನೀವು ಕ್ಯಾಂಪಿಗೆ ಬರೋದೇನೂ ಬ್ಯಾಡ್ರಿ ಟೀಚರ್, ಫೋಟೊ ಕಳಿಸಿದ್ರ ಸಾಕು” ಎಂದೂ ಹೇಳಿಬಿಟ್ಟೆ. ಒಂಬತ್ತನೇ ವಾರಕ್ಕೆ ಅವರ ತೂಕ 92. ಅಷ್ಟು ಬೇಗ ಅಷ್ಟು ಇಳಿದರೆ ಹೆದರಬೇಕಾದವಳು ನಾನು, ಹಿಗ್ಗಿದೆ. ಆ ದಿನಗಳಲ್ಲೇ ಹಾಳೆಯ ಅಂಚಿನಲ್ಲಿ ‘ಮಧ್ಯಾಹ್ನ 12-30, ಮೇಡಂ ಬಂದಿದ್ದರು’ ಎಂಬ ಸಾಲು ಕಾಣತೊಡಗಿತು. ಶಾಲೆಯ ಯಾರೋ ಮೇಡಂ ಇರಬೇಕೆಂದುಕೊಂಡೆ. ಅಕ್ಷರ ಓರೆಯಾಗುತ್ತ, ಸಾಲಿನ ಮೇಲೆ ಸಾಲು ಹತ್ತುತ್ತ ಬಂದದ್ದನ್ನು ನೋಡಿಯೂ, ಸುಸ್ತು ಇರಬಹುದು ಎಂದು ಬಿಟ್ಟೆ.

ಹತ್ತನೇ ವಾರದ ಗುರುವಾರ ಬಸವನ ಬಾಗೇವಾಡಿಯ ಕ್ಯಾಂಪಿನಲ್ಲಿದ್ದೆ. ಬೆಳಿಗ್ಗೆ ಹತ್ತಕ್ಕೆ ಟೀಚರ ಗಂಡ ಗುರುರಾಜರ ಫೋನ್ ಬಂತು. ಅವರು ಸರಕಾರಿ ಕಚೇರಿಯ ನೌಕರರು, ಮೆಲುದನಿಯ ಮನುಷ್ಯ.

“ಮೇಡಂ, ಇವತ್ತೂ ಬರ್ತೀರೇನ್ರಿ? ಬರೋದಿದ್ರ ಸ್ವಲ್ಪ ಲಗೂನ ಬರ್ರಿ. ವೈಜಯಂತಿಗೆ ನಡೀಲಿಕ್ಕೆ ಆಗವಲ್ದು.”

“ಇವತ್ತೂ ಅಂದ್ರ?”

“ದಿನಾ ಮಧ್ಯಾಹ್ನ ಬರ್ತೀರೆಲ್ಲರಿ. ಅಕಿ ಹೇಳ್ತಾಳ. ನಾ ಆಫೀಸಿನ್ಯಾಗ ಇರ್ತೀನಿ, ಭೆಟ್ಟಿ ಆಗಿಲ್ಲ ಅಷ್ಟ. ಭಾಳ ಉಪಕಾರ ಆತ್ರಿ.”

ನಾನು ಆ ಮನೆಯ ಹೊಸ್ತಿಲನ್ನು ಒಮ್ಮೆಯೂ ತುಳಿದಿರಲಿಲ್ಲ. ಫೋನಿನಲ್ಲಿ ಅದನ್ನು ಹೇಳದೆ, “ಬರ್ತೇನಿ” ಎಂದಷ್ಟೇ ಹೇಳಿ, ಕ್ಯಾಂಪನ್ನು ನರ್ಸಿಗೆ ಒಪ್ಪಿಸಿ ಹೊರಟೆ. ನೂರು ಕಿಲೋಮೀಟರಿನ ದಾರಿಯುದ್ದಕ್ಕೂ ಫೋನಿನಲ್ಲಿ ಹಳೆಯ ಹಾಳೆಗಳನ್ನು ತಿರುವಿದೆ. ‘ಮೇಡಂ ಬಂದಿದ್ದರು’ ಎಂಬ ಸಾಲು ಹನ್ನೊಂದು ದಿನ ಬಿಡದೆ ಇತ್ತು. ಒಂದು ಕಡೆ ‘ಮೇಡಂ ಹಸಿರು ಇಳಕಲ್ ಸೀರೆ’ ಎಂದಿತ್ತು. ಈಗ ಗಾಡಿಯಲ್ಲಿ ನನ್ನ ಮೈಮೇಲಿದ್ದದ್ದೂ ಹಸಿರು ಇಳಕಲ್ ಸೀರೆಯೇ. ಆಸ್ಪತ್ರೆಯಲ್ಲಿ ಅವರು ಅದನ್ನು ನೋಡಿರುತ್ತಾರೆ ಎಂದು ಸಮಾಧಾನ ಹೇಳಿಕೊಂಡರೂ ಸೆರಗು ಮುಟ್ಟಿಕೊಳ್ಳುವುದು ನಿಲ್ಲಲಿಲ್ಲ.

ಮಟಮಟ ಮಧ್ಯಾಹ್ನ, ಗಲ್ಲಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಟೀಚರ ಅತ್ತೆ ಇಂದಿರಾಬಾಯಿ ಒಬ್ಬರೇ ಬಿಸಿಲಿನಲ್ಲಿ ಕುಳಿತಿದ್ದರು. ಮಡಿಯ ಹೆಂಗಸು, ಎಪ್ಪತ್ತು ದಾಟಿದವರು. ಆಸ್ಪತ್ರೆಗೆ ಬರದೆ ಮನೆಯಲ್ಲೇ ಉಳಿದಿದ್ದರಿಂದ ನನ್ನನ್ನು ಅದುವರೆಗೆ ಕಂಡಿರಲಿಲ್ಲ. ‘ಬರ್ರಿ’ ಎನ್ನದೆ ಕುಳಿತಲ್ಲಿಂದಲೇ ನೋಡಿದರು.

“ಯಾರ್ರಿ ನೀವು?”

“ನಾ ಡಯಟ್ ಮೇಡಂ, ಕಾಕು.”

ಅವರು ಬಾಗಿಲ ಕಡೆ ನೋಡಿದರು, ಮತ್ತೆ ನನ್ನನ್ನು ನೋಡಿದರು. “ಮತ್ತ ಒಳಗ ಕೂತಾಕಿ ಯಾರು?”

ಒಳಗಿನಿಂದ ಟೀಚರ ದನಿ ಕೇಳಿಸುತ್ತಿತ್ತು. ಮಾತು, ಸ್ವಲ್ಪ ಬಿಡುವು, ನಗು, ಮತ್ತೆ ಮಾತು. ಎದುರಿನವರಿಗೆ ಉತ್ತರಿಸಲು ಎಷ್ಟು ಹೊತ್ತು ಬೇಕೋ ಅಷ್ಟೇ ಬಿಡುವು. “ನಾ ಕಣ್ಣಿಲೆ ನೋಡಿಲ್ರಿ” ಎಂದರು ಇಂದಿರಾಬಾಯಿ. “ಇಕಿ ಮಾತಾಡೋದು ಕೇಳ್ತದ, ಅಕಿ ದನಿ ಕೇಳಂಗಿಲ್ಲ. ಮಜ್ಜಿಗಿ ಲ್ವಾಟಾ ಮಾತ್ರ ಎರಡೂ ಖಾಲಿ ಆಗಿರ್ತಾವ. ಈ ಹೊತ್ತಿಗೆ ನಾ ಒಳಗ ಇರಂಗಿಲ್ಲ. ಮಗಗ ಹೇಳಿದ್ರ ಮುದುಕಿಗೆ ಭ್ರಾಂತಿ ಅಂತಾನ.”

ನನಗೆ ಹೆದರಿಕೆಯಾಯಿತು. ಸುಳ್ಳೇಕೆ ಹೇಳಲಿ, ಗಾಡಿಯ ಕಡೆ ಒಮ್ಮೆ ತಿರುಗಿ ನೋಡಿದೆ. ಆದರೂ ಒಳಗೆ ಹೋದೆ. ಟೀಚರ್ ಬೆತ್ತದ ಕುರ್ಚಿಯಲ್ಲಿದ್ದರು. ಎದುರಿಗೆ ಇನ್ನೊಂದು ಬೆತ್ತದ ಕುರ್ಚಿ, ಖಾಲಿ. ನಡುವೆ ಸ್ಟೂಲಿನ ಮೇಲೆ ಎರಡು ಸ್ಟೀಲ್ ಲೋಟ. ಟೀಚರ ಕೆನ್ನೆ ಬತ್ತಿ, ಕಣ್ಣಿನ ಕೆಳಗೆ ಕಪ್ಪಿಟ್ಟಿತ್ತು. ನನ್ನತ್ತ ತಿರುಗಿ, ಯಾವ ಅಚ್ಚರಿಯೂ ಇಲ್ಲದೆ ನಕ್ಕರು.

“ಇವತ್ತ ಇಬ್ಬರೂ ಬಂದ್ರೆಲ್ಲ. ಒಬ್ಬರು ಕೂಡ್ರಿ, ಇನ್ನೊಬ್ಬರಿಗೆ ಕುರ್ಚಿ ತರಸ್ತೀನಿ.”

ಅವರು ನೋಡುತ್ತಿದ್ದದ್ದು ನನ್ನನ್ನು, ಮತ್ತು ನನ್ನ ಪಕ್ಕದ ಒಂದು ಮೊಳದ ಜಾಗವನ್ನು. ಕಣ್ಣುಗುಡ್ಡೆಗಳು ಒಂದೆಡೆ ನಿಲ್ಲದೆ ಅದುರುತ್ತಿದ್ದವು. ಅದನ್ನು ಕಂಡಾಗ ನನ್ನ ಭಯ ಬೇರೆಯಾಯಿತು. ಒಂದೇ ಎರಡಾಗಿ ಕಾಣುವ, ಅದುರುವ ಕಣ್ಣು. “ಎದ್ದು ನಿಲ್ರಿ ಟೀಚರ್” ಎಂದೆ. ಕಾಲು ಅಗಲಿಸಿ ಎದ್ದರು, ಎರಡು ಹೆಜ್ಜೆಗೇ ತೂರಾಡಿ ನನ್ನ ಮೈಮೇಲೆ ಬಿದ್ದರು. ಕಣ್ಣು, ಕಾಲು, ಇಲ್ಲದ್ದನ್ನು ಇದೆ ಎನ್ನುವ ನೆನಪು. ಈ ಮೂರೂ ಕೂಡಿದರೆ ಏನೆಂದು ಕಾಲೇಜಿನಲ್ಲಿ ಒಂದೇ ಸಾಲಿನಲ್ಲಿ ಓದಿದ್ದೆ: ಬಿ-1 ವಿಟಮಿನ್ ಪೂರ್ತಿ ಬರಿದಾಗಿ ಮಿದುಳು ಕೆಡುತ್ತಿರುವುದು. ಥಯಾಮಿನ್ ಎಂದರೂ ಅದೇ. ಕೂಡಲೇ ಕೊಟ್ಟರೆ ಮರಳುತ್ತಾರೆ, ತಡವಾದರೆ ಮನುಷ್ಯ ಉಳಿದರೂ ಬುದ್ಧಿ ಉಳಿಯುವುದಿಲ್ಲ.

“ವಾಂತಿ ಆಗ್ತಾವೇನ್ರಿ?” ಎಂದು ಕೇಳಿದೆ.

“ಆವತ್ತ ಹೇಳಿದ್ನೆಲ್ಲರಿ ನಿಮಗ. ದಿನಾ ಹೇಳ್ತೀನಿ. ಹಿಸುಕಿದ್ದು ತಿನ್ನಲಿಕ್ಕೆ ಸುರು ಮಾಡಿದಾಗಿಂದ ಎಲ್ಲಾ ಹೊರಗ ಬರ್ತದ.”

ಐದು ವಾರದಿಂದ. ಹಾಳೆಯಲ್ಲಿ ಬರೆದಿದ್ದೆಲ್ಲ ಅವರು ತಿಂದದ್ದೇ, ಸುಳ್ಳಿಲ್ಲ. ಹೊರಗೆ ಬಂದದ್ದನ್ನು ಬರೆಯಲು ನಾನು ಕಾಲಂ ಇಟ್ಟಿರಲಿಲ್ಲ. ಮೇಲಾಗಿ ಹಾಳೆಯ ಕೆಳಗೆ ‘ಒಮ್ಮೊಮ್ಮೆ ವಾಂತಿಯಾದರೆ ಹೆದರಬೇಡಿ’ ಎಂದು ನಾನೇ ಅಚ್ಚು ಹಾಕಿಸಿದ್ದೆ. ಅವರು ಹೆದರಲಿಲ್ಲ.

ಅಷ್ಟರಲ್ಲಿ ಗುರುರಾಜರು ಒಬ್ಬ ಕಂಪೌಂಡರನ್ನು ಕರೆದುಕೊಂಡು ಬಂದರು. ಅವನು ಮೂರು ದಿನದಿಂದ ನಿಶ್ಶಕ್ತಿ ಎಂದು ಕೇಳಿ, ಬಾಟಲಿ ತಂದು ಕಿಟಕಿಯ ಸರಳಿಗೆ ತೂಗುಹಾಕಿ, ಸೂಜಿಯ ಕಾಗದ ಬಿಚ್ಚತೊಡಗಿದ. ಬಾಟಲಿ ಗ್ಲೂಕೋಸಿನದು. ಮೈಯಲ್ಲಿ ಬಿ-1 ಇಲ್ಲದವರಿಗೆ ಮೊದಲು ಗ್ಲೂಕೋಸ್ ಕೊಟ್ಟರೆ, ಉಳಿದ ಚಿಟಿಕೆಯಷ್ಟೂ ಅದನ್ನು ಅರಗಿಸಲು ಖರ್ಚಾಗಿ ಮಿದುಳಿಗೆ ಏನೂ ಉಳಿಯುವುದಿಲ್ಲ.

“ಸೂಜಿ ಚುಚ್ಚಬ್ಯಾಡ್ರಿ” ಎಂದೆ.

“ಎರಡು ಸಲಾಯಿನ್ ಹಚ್ಚಿದ್ರ ಸಂಜಿಕ್ಕ ಎದ್ದು ಅಡ್ಡಾಡ್ತಾರ್ರಿ. ನೀವು ಡಾಕ್ಟರೇನ್ರಿ?”

“ಅಲ್ಲ.”

ಗುರುರಾಜರು ನನ್ನ ಮುಖ, ಅವನ ಮುಖ ನೋಡಿದರು. ನನ್ನ ಮಾತು ತಪ್ಪಾಗಿದ್ದರೆ, ಬಳಲಿದ ಹೆಂಗಸಿಗೆ ಸಿಗಬೇಕಾದ ಸಲಾಯಿನ್ ತಪ್ಪಿಸಿದವಳಾಗುತ್ತಿದ್ದೆ. ಆ ಬಾಟಲಿಗೆ ಅಡ್ಡ ನಿಂತೇ ಸರ್ಜನ್ನರಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದೆ. ಕಣ್ಣು, ಕಾಲು, ವಾಂತಿ ಎಂದು ಮೂರೇ ಮಾತು ಹೇಳಿದೆ. “ಗ್ಲೂಕೋಸ್ ಮುಟ್ಟಬೇಡಿ. ಮೊದಲು ಥಯಾಮಿನ್. ಊರಿನ ಡಾಕ್ಟರಿಗೆ ನಾನು ಹೇಳುತ್ತೇನೆ, ಈಗಲೇ ಎತ್ತಿಕೊಂಡು ಹೋಗಿ” ಎಂದರು. ಕಂಪೌಂಡರ್ ಬಾಟಲಿ ಇಳಿಸಿದ, ಟೀಚರನ್ನು ಗಾಡಿಯವರೆಗೆ ಹೊತ್ತವನೂ ಅವನೇ. ಅರ್ಧ ತಾಸಿನೊಳಗೆ ಮೊದಲ ಇಂಜೆಕ್ಷನ್ ನರಕ್ಕೆ ಹೋಯಿತು. ಸಂಜೆಯೊಳಗೆ ವಿಜಯಪುರ ಸೇರಿದೆವು.

ಎಂಡೋಸ್ಕೋಪಿಯಲ್ಲಿ ಕೊಳವೆಯ ಒಂದು ತಿರುವು ಕಿರಿದಾಗಿದ್ದು ಕಂಡಿತು, ಬಲೂನಿನಿಂದ ಹಿಗ್ಗಿಸಿದರು. ವಾಂತಿ ನಿಂತಿತು. ಎರಡನೇ ದಿನಕ್ಕೆ ಕಣ್ಣು ಅದುರುವುದು ಕಡಿಮೆಯಾಯಿತು. ಆದರೆ ನನಗೊಂದು ಒಗಟು ಉಳಿದಿತ್ತು. ದಿನವೂ ವಿಟಮಿನ್ ತೆಗೆದುಕೊಂಡಿದ್ದರೆ ಇಷ್ಟು ಬರಿದಾಗುತ್ತಿರಲಿಲ್ಲ. ಮನೆಗೆ ಫೋನ್ ಮಾಡಿ ಕೇಳಿದಾಗ ಇಂದಿರಾಬಾಯಿ, “ಆ ಕ್ಯಾಪ್ಸೂಲಿನ ಚಿಪ್ಪು ಎಲುಬಿಂದಂತ್ರಿ. ಇಕಿ ಡಬ್ಬಿ ಮ್ಯಾಲೆ ಓದಿ ಬಿಟ್ಟಾಳ. ನೀವು ಹೂಂ ಅಂದೀರಂತ” ಎಂದರು. ಮತ್ತೆ ಆ ಇನ್ನೊಬ್ಬ ಮೇಡಂ, ಎಂದುಕೊಂಡೆ.

ಟೀಚರ್ ಮನೆಯಲ್ಲಿ ದಿನವೂ ಬರೆದಿಡುತ್ತಿದ್ದ ನೋಟ್‌ಬುಕ್ ತರಿಸಿ ನೋಡಿದೆ. ಬಲಪುಟಗಳಲ್ಲಿ ನನ್ನ ಹಾಳೆಯ ಲೆಕ್ಕ, ಎಡಪುಟಗಳಲ್ಲಿ ಮೇಡಂ ಜೊತೆಗಿನ ಮಾತು. ಮೇಡಂ ಹೇಳಿದರು, ಅಗಿದು ತಿನ್ನಿರಿ. ಮೇಡಂ ಹೇಳಿದರು, ಧೈರ್ಯ ಬಿಡಬೇಡಿರಿ. ನಾನು ಹೋಗಿದ್ದರೆ ಏನು ಹೇಳುತ್ತಿದ್ದೆನೋ ಅದನ್ನೇ ನನಗಿಂತ ಮೆತ್ತಗೆ ಹೇಳಿದ್ದಳು ಅವಳು. ಹಿಂದಕ್ಕೆ ತಿರುವುತ್ತ ಹೋದಂತೆ ಅಕ್ಷರ ನೆಟ್ಟಗಾಗುತ್ತ ಬಂತು. ಎಲ್ಲಕ್ಕಿಂತ ಮೊದಲಿನದು ನಾಲ್ಕನೇ ವಾರದ್ದು, ಮುತ್ತಿನಂಥ ಅಕ್ಷರ: ‘ಮೇಡಂ ಸಿಂದಗಿ ಕ್ಯಾಂಪಿನಲ್ಲಿದ್ದರು. ಕ್ಯಾಪ್ಸೂಲಿನಲ್ಲಿ ಜಿಲಾಟಿನ್ ಇದೆ, ವ್ರತ ಮುಗಿಯುವವರೆಗೆ ಬಿಡಲೇ ಎಂದು ಫೋನಿನಲ್ಲಿ ಕೇಳಿದೆ. ಆಗಲಿ, ನೋಡೋಣ ಎಂದರು.’

ಅದೂ ಭ್ರಮೆಯೇ ಇರಲಿ ಎಂದು ನಿಜಕ್ಕೂ ಬೇಡಿಕೊಂಡೆ. ಫೋನ್ ತೆಗೆದು ಆ ತಾರೀಖಿನ ವಾಟ್ಸಾಪ್ ಕರೆ ಹುಡುಕಿದೆ. ಇತ್ತು. ನಲವತ್ತೆಂಟು ಸೆಕೆಂಡು. ಕ್ಯಾಂಪಿನ ಗದ್ದಲದಲ್ಲಿ ಯಾರನ್ನೋ ಬೈಯುತ್ತ, ಇನ್ನೊಂದು ಕಿವಿಯಿಂದ ಕೇಳಿ, “ಆತ್ರಿ, ನೋಡೋಣ” ಎಂದವಳು ನಾನೇ. ಜಿಲಾಟಿನ್ ಇಲ್ಲದ ವಿಟಮಿನ್ ಮಾತ್ರೆ ನಮ್ಮ ಆಸ್ಪತ್ರೆಯ ಅಂಗಡಿಯಲ್ಲೇ ಇತ್ತು. ನೋಟ್‌ಬುಕ್ ಮುಚ್ಚಿ ಬಹಳ ಹೊತ್ತು ಅತ್ತೆ. ಆಮೇಲೆ ಸರ್ಜನ್ನರಿಗೂ ಗುರುರಾಜರಿಗೂ ಇದ್ದದ್ದನ್ನು ಇದ್ದಂತೆ ಹೇಳಿದೆ. ಗುರುರಾಜರು ನನ್ನ ಮುಖ ನೋಡದೆ, “ತಿಳೀತ್ರಿ” ಎಂದರು.

ಟೀಚರ ಕಾಲು ನೆಟ್ಟಗಾಗಲು ನಾಲ್ಕು ತಿಂಗಳು ಹಿಡಿಯಿತು. ಮುಂದಿನ ಜೂನಿನಲ್ಲಿ ಶಾಲೆಗೆ ಮರಳಿ, ನಿಂತೇ ಪಾಠ ಮಾಡಿದರು. ಆ ಎರಡು ತಿಂಗಳ ನೆನಪು ಮಾತ್ರ ಸರಿಯಾಗಲಿಲ್ಲ. ಎರಡೂ ಲೋಟವನ್ನು ಯಾರು ಖಾಲಿ ಮಾಡುತ್ತಿದ್ದರು ಎಂಬುದು ಯಾರಿಗೂ ಗೊತ್ತಿಲ್ಲ, ಅವರೇ ಮರೆತು ಎರಡನ್ನೂ ಕುಡಿದಿರಬೇಕು.

ನಾನು ಹಾಳೆಗೆ ಎರಡು ಕಾಲಂ ಸೇರಿಸಿದೆ: ಹೊರಗೆ ಬಂದದ್ದೆಷ್ಟು, ನುಂಗದೆ ಬಿಟ್ಟದ್ದೇನು. ನಿವೃತ್ತಿಯವರೆಗೂ, ಯಾವ ಊರಿಗೆ ಹೋದರೂ ತಪ್ಪೇ ಇಲ್ಲದ ಹಾಳೆ ಕಳಿಸಿದವರ ಮನೆಗೆ ಮೊದಲು ಹೋದೆ. ಕದ್ದು ತಿನ್ನುವವರು ಹೇಗೋ ಬದುಕುತ್ತಾರೆ. ನಮ್ಮ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸುವವರ ಜೀವ ನಮ್ಮ ಮಾತಿನ ಮೇಲೇ ನಿಂತಿರುತ್ತದೆ ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ.

ನಿವೃತ್ತಿಗೆ ಮುಂಚೆ ಕೊನೆಯ ಸಲ ಇಂಡಿಗೆ ಹೋದಾಗ ಟೀಚರ್ ಕೈ ಹಿಡಿದು, “ದಿನಾ ಬರ್ತಿದ್ರಿ, ಅದಕ್ಕ ಉಳಿದೆ” ಎಂದರು. ನಾನು ಬಂದದ್ದು ಒಂದೇ ದಿನ, ಆವತ್ತಿಗೂ ಮೊದಲು ಬರಬೇಕಾಗಿತ್ತು ಎಂದು ಮತ್ತೊಮ್ಮೆ ಬಿಡಿಸಿ ಹೇಳಿದೆ.

ಅವರು ನಕ್ಕರು. “ನೆನಪು ಹೋಗಿದ್ದು ನನಗ ಅಂತಾರ ಎಲ್ಲಾರೂ. ಮೇಡಂ, ನೀವೂ ಮರೀತೀರಿ.”

ನಲವತ್ತೆಂಟು ಸೆಕೆಂಡಿನ ಆ ಕರೆ ನೆನಪಿಗೆ ಬಂತು. ಹೌದ್ರಿ ಟೀಚರ್, ಎಂದೆ.