ಓರಗಿತ್ತಿಯ ಕಡೆಯ ಹುಲ್ಲು

ಧಾರಾಪುರದ ದಾರಿಯಲ್ಲಿ ನಮ್ಮದೊಂದು ಕೊರಂಗಾಡು ಇದೆ. ಉಳದೆ, ಬಿತ್ತದೆ, ಕುರಿ ಮೇಯಲೆಂದೇ ಮುಳ್ಳುಬೇಲಿ ಕಟ್ಟಿ ಬಿಟ್ಟ ಹುಲ್ಲುನೆಲಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಇನ್ನೊಂದು ಬೇಲಿ ಎದ್ದಿತು. ಈಚೆಯದು ನಮಗೆ, ಆಚೆಯದು ನನ್ನ ಮೈದುನನಿಗೆ.

ಹೋದ ವರ್ಷ ಬೇಸಿಗೆಯಲ್ಲಿ ಎರಡು ಮನೆಯವರೂ ಸೇರಿ ಆ ಬೇಲಿಯ ಹತ್ತಿರ ಬೋರ್ ಕೊರೆಸಿದೆವು. ನೀರು ಬರಲಿಲ್ಲ. ಲಾರಿ ಹೋದ ಮೇಲೆ ಬೇಲಿಯ ಎರಡೂ ಬದಿಗೆ ಅಂಗಳದಷ್ಟು ಜಾಗದಲ್ಲಿ ಹುಲ್ಲು ಬೇರುಸಮೇತ ಕಿತ್ತುಹೋಗಿ, ಕಲ್ಲಿನ ಬಿಳಿ ಪುಡಿ ಮೆತ್ತಿಕೊಂಡು, ನೆಲ ಬೋಳಾಗಿ ಉಳಿಯಿತು.

ನಾನು ಸುಮ್ಮನಿರುವವಳಲ್ಲ. ಪುಡಿ ಕೆರೆದು ತೆಗೆದೆ, ನೆಲ ಅಗೆದೆ, ಕೊಳುಕಟ್ಟೆ ಹುಲ್ಲಿನ ಬೀಜ ಉದುರಿಸಿ ಕೊಡದಲ್ಲಿ ನೀರು ಹೊತ್ತು ಹಾಕಿದೆ. ಅರ್ಧ ಬೀಜವನ್ನು ಇರುವೆಗಳು ಹೊತ್ತುಕೊಂಡು ಹೋದವು. ಮೊಳೆತದ್ದನ್ನು ನಮ್ಮ ಕುರಿಗಳೇ ತುಳಿದವು. ಉಳಿದದ್ದು ನೆಗ್ಗಿಲು ಮುಳ್ಳು ಮಾತ್ರ.

ನನ್ನ ಓರಗಿತ್ತಿ, ಮೈದುನನ ಹೆಂಡತಿ, ಮಾಡಿದ್ದು ಇಷ್ಟೇ. ಬೇಲಿ ಸವರಿದಾಗ ಬಿದ್ದ ಮುಳ್ಳುಕೊಂಬೆಗಳನ್ನು ಎಳೆದು ತಂದು ತಮ್ಮ ಕಡೆಯ ಬೋಳಿನ ಮೇಲೆ ಹರಡಿ ಮನೆಗೆ ಹೋದಳು. ಗಾಳಿ ತಂದ ಬೀಜವೂ ಧೂಳೂ ಮುಳ್ಳಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದವು. ಐಪಸಿ ತಿಂಗಳ ಮಳೆ ಬಿದ್ದದ್ದೇ ತಡ, ಮೊದಲು ನೆಲಕ್ಕಂಟಿದ ಬಳ್ಳಿಗಳು, ಆಮೇಲೆ ಅವುಗಳ ನಡುವೆ ಹುಲ್ಲು.

ನನ್ನ ಗಂಡ ಬೇಲಿಯ ಮೇಲಿಂದ ಕತ್ತು ಚಾಚಿ ನೋಡಿ, "ಅವ್ಳು ಕೈ ಇಟ್ರೆ ಸಾಕು, ಎಲ್ಲಾ ನಲ್ಲಾ ಬತ್ತದೆ" ಎಂದರು.

ಅವಳು ಈ ಮನೆಗೆ ಬಂದಾಗಿನಿಂದ ಎಲ್ಲರ ಬಾಯಲ್ಲೂ ಅವಳ ಸಾರು, ಅವಳ ರಂಗೋಲಿ, ಅವಳ ನಗು. ಈಗ ಅವಳ ಹುಲ್ಲೂ! ಬೆಳಿಗ್ಗೆ ಕುರಿ ಬಿಡಲು ಹೋದರೆ ಆ ಹಸಿರನ್ನು ನೋಡಬಾರದೆಂದುಕೊಂಡೇ ನೋಡುತ್ತಿದ್ದೆ.

ತವರಿಗೆಂದು ಮೆಟ್ಟುಪಾಳ್ಯಕ್ಕೆ ಹೋಗಿ ಬರುವಷ್ಟರಲ್ಲಿ ನಮ್ಮ ಬೋಳಿನ ಮೇಲೂ ಮುಳ್ಳುಕೊಂಬೆಗಳು ಬಿದ್ದಿದ್ದವು.

"ಇದ್ಯಾರು ಹಾಕಿದ್ದು?" ಬೇಲಿಯಾಚೆ ಇದ್ದ ಅವಳನ್ನು ಕೇಳಿದೆ.

"ನಾನೇ ಅಕ್ಕಾ. ಕುರಿ ಮಿದಿಯೋದು ನಿಂತ್ರೆ ಪುಲ್ಲು ತಾನಾ ಬತ್ತದೆ."

"ನಾನು ಕೇಳಿದ್ನಾ?"

"ಇಲ್ಲ. ಮುಳ್ಳು ಮಿಚ್ಚ ಇತ್ತು, ಉಳ್ದಿದ್ದನ್ನ ಹಾಕ್ದೆ."

ಎಲ್ಲವನ್ನೂ ಕಿತ್ತೆಸೆಯಬೇಕೆಂದು ಒಂದು ಕೊಂಬೆ ಎಳೆದೆ. ಅಂಗೈಗೆ ಚುಚ್ಚಿತು. ಬಿಟ್ಟುಬಿಟ್ಟೆ.

ಚಿತ್ತಿರೈ ತಿಂಗಳ ಮಳೆಗೆ ನಮ್ಮಲ್ಲೂ ಹುಲ್ಲು ಬಂತು. ಗಂಡ ಬಂದವರಿಗೆಲ್ಲ ತಮ್ಮನ ಹೆಂಡತಿಯ ಕೆಲಸವೆಂದೇ ಹೇಳಿದರು. ನಾನು ಕುಕ್ಕರುಗಾಲಲ್ಲಿ ಕೂತು ಒಂದೊಂದು ಬುಡವನ್ನೂ ನೋಡಿದೆ. ಅಂಚಿನಲ್ಲಿ ಒತ್ತಾಗಿ, ಒಳಗೆ ಹೋದಂತೆ ತೆಳ್ಳಗೆ. ನಮ್ಮ ಹಳೆಯ ಹುಲ್ಲೇ ಬೀಜ ಉದುರಿಸಿಕೊಂಡು ಒಳಗೆ ನಡೆದುಬಂದಿತ್ತು. ಅವಳನ್ನು ಕೂಗಿ ಕರೆದೆ.

"ನೋಡು, ಇದು ನಮ್ ಅಂಚಿನ ಪುಲ್ಲು. ನಿಮ್ ಕಡೇದಲ್ಲ."

ಅವಳು ಬಗ್ಗಿ ನೋಡಿ ನಕ್ಕಳು. "ನಿಮ್ದೇ ಅಕ್ಕಾ. ಯಾರು ಇಲ್ಲಾಂದ್ರು?"

ಜಗಳಕ್ಕೆ ನಿಂತಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಈಗ ಹೊಸಬರಿಗೆ ಬೋಳು ಎಲ್ಲಿತ್ತೆಂದೇ ತಿಳಿಯದು. ನನಗೆ ತಿಳಿಯುತ್ತದೆ. ಅವಳ ಕಡೆಯದು ಇನ್ನೂ ಬೆರಳಷ್ಟು ಎತ್ತರ.